ಇಳಿಯದ ಗೆರೆ

ದಾಕ್ಷಾಯಣಿ ಹಾಲಿನ ಪ್ಯಾಕೆಟನ್ನು ಮೂಸಿ ನೋಡದೆ ಹಾಲು ಒಲೆಗಿಟ್ಟವಳಲ್ಲ. ಕಾಸರಗೋಡಿನ ನಮ್ಮ ಕನ್ನಡ ಶಾಲೆಯಲ್ಲಿ ಓದುತ್ತಿದ್ದಾಗಲೂ ಹಾಗೆಯೇ. ನಾನು ಹಲಗೆಯ ಮೇಲೆ ಮಾಡಿದ ಲೆಕ್ಕವನ್ನು ತಾನೊಮ್ಮೆ ಬೇರೆ ಮಾಡಿ, ಉತ್ತರ ಹೊಂದಿದರೂ "ಸರಿ ಇರಬಹುದು ಮಾಷ್ಟ್ರೆ" ಎನ್ನುತ್ತಿದ್ದಳು. ಉಳಿದ ಮಕ್ಕಳು ನಗುತ್ತಿದ್ದರು. ನನಗೆ ಮಾತ್ರ ಆ 'ಇರಬಹುದು' ಬಹಳ ಪ್ರಿಯವಾಗಿತ್ತು.

ಈಗ ಅವಳು ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ನಿವೃತ್ತನಾದ ಮೇಲೆ ನಾನೂ ಮಗಳೊಂದಿಗೆ ಇದೇ ಊರಿನಲ್ಲಿದ್ದೇನೆ. ದಾಕ್ಷಾಯಣಿ ಭಾನುವಾರ ನಮ್ಮ ಮನೆಗೆ ಬಂದರೆ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೆಯೇ ಕುಳಿತುಕೊಳ್ಳುತ್ತಾಳೆ. ಜನರ ಕಣ್ಣಿನ ಮೇಲಂತೂ ಅವಳಿಗೆ ಸ್ವಲ್ಪವೂ ನಂಬಿಕೆಯಿಲ್ಲ. ಅವಳ ಸ್ಕೂಟರಿನ ನಂಬರ್ ಪ್ಲೇಟಿನ ಹಿಂದೆ, ಅವಳ ಮಗಳು ಧನಶ್ರೀಯ ಅಂಗಾಲಿನಲ್ಲಿ, ಹೊಸ ಫ್ರಿಜ್ಜಿನ ಬೆನ್ನಿನಲ್ಲಿ ಒಂದೊಂದು ದೃಷ್ಟಿಬೊಟ್ಟು. ಅವಳ ತಾಯಿ ಊರಿನಿಂದ ಹರಳೆಣ್ಣೆಯಲ್ಲಿ ಕಲಸಿ ಕಳುಹಿಸುವ ಕಾಡಿಗೆ ಅದು.

"ವಿಜ್ಞಾನಿಯಾಗಿ ಇದೇನಮ್ಮ?" ಎಂದು ಒಮ್ಮೆ ಕೇಳಿದೆ.

"ಇಟ್ಟರೆ ನಷ್ಟವೇನು ಮಾಷ್ಟ್ರೆ?" ಎಂದಳು.

ನಷ್ಟವೇನೆಂದು ಕಳೆದ ನವರಾತ್ರಿಯ ನಂತರ ತಿಳಿಯಿತು. ಅದನ್ನು ಅವಳೇ ನನಗೆ ಹೇಳಿದಳು.

ಅವಳ ಕೆಲಸ ಹೀಗೆ. ಸೌರಫಲಕಕ್ಕೆ ಬೇಕಾಗುವ ಹೊಸ ಪದಾರ್ಥದ ತೆಳ್ಳನೆಯ ಪದರವನ್ನು ಗಾಜಿನಂಥ ಒಂದು ಕ್ವಾರ್ಟ್ಜ್ ತಟ್ಟೆಯ ಮೇಲಿಟ್ಟು, ಲೋಹದ ಪುಟ್ಟ ಪೆಟ್ಟಿಗೆಯೊಳಗೆ ಸೇರಿಸುತ್ತಾಳೆ. ಪೆಟ್ಟಿಗೆಯಲ್ಲಿ ಅತಿ ಕ್ಷೀಣವಾದ ಮೈಕ್ರೋವೇವ್ ಅಲೆಗಳು ಸುಳಿದಾಡುತ್ತಿರುತ್ತವೆ. ಕಿಂಡಿಯಿಂದ ಲೇಸರ್ ಬೆಳಕು ಕ್ಷಣಮಾತ್ರ ಮಿಂಚುತ್ತದೆ. ಆ ಹೊಡೆತಕ್ಕೆ ಪದಾರ್ಥದೊಳಗೆ ವಿದ್ಯುತ್ಕಣಗಳು ಬಿಡುಗಡೆಯಾಗಿ ಓಡಾಡುತ್ತವೆ. ಓಡುವಾಗ ಅಲೆಗಳನ್ನು ಒಂದಿಷ್ಟು ನುಂಗುತ್ತವೆ. ಎಷ್ಟು ನುಂಗಿದವು, ಎಷ್ಟು ಹೊತ್ತು ಬದುಕಿದವು ಎಂಬುದನ್ನು ಪರದೆಯ ಮೇಲಿನ ಗೆರೆ ಏರಿ ಇಳಿದು ತೋರಿಸುತ್ತದೆ. ತಂತಿ ಮುಟ್ಟಿಸಬೇಕಾಗಿಲ್ಲ.

ಕೊಚ್ಚಿಯಲ್ಲಿ ಡಾಕ್ಟರೇಟಿಗೆ ದುಡಿಯುತ್ತಿದ್ದ ಫಾತಿಮಾ ಎಂಬ ಹುಡುಗಿ ತಾನು ತಯಾರಿಸಿದ ಪದರವನ್ನು ಅಳೆಸಲು ಕೊಚ್ಚಿಯ ಪಕ್ಕದ ಆಲುವದಿಂದ ರೈಲು ಹತ್ತಿ ಬಂದಳು. ತೇವ ತಾಗಬಾರದೆಂದು ಅದನ್ನು ಊಟದ ಡಬ್ಬಿಯಲ್ಲಿ ಭದ್ರವಾಗಿ ಸುತ್ತಿ ತಂದಿದ್ದಳು. ದಾಕ್ಷಾಯಣಿ ಡಬ್ಬಿಯನ್ನೂ ಮೂಸಿದಳು.

ಬೆಳಕು ಮಿಂಚಿತು. ಗೆರೆ ಏರಿತು. ಇಳಿಯಲೇ ಇಲ್ಲ.

ಕಣಗಳು ಇಷ್ಟು ದೀರ್ಘಾಯುಷಿಗಳಾದರೆ ಅದು ದೊಡ್ಡ ಸುದ್ದಿಯೇ ಸರಿ. ಫಾತಿಮಾಳ ಮುಖ ಅರಳಿತು. ದಾಕ್ಷಾಯಣಿಯ ಮುಖ ಗಂಟಾಯಿತು.

"ಇದರಲ್ಲಿ ಬೇರೆ ಏನು ಬೆರೆಸಿದ್ದೀ?" ಎಂದು ಮಲಯಾಳದಲ್ಲಿ ಕೇಳಿದಳು.

"ಏನೂ ಇಲ್ಲ ಮೇಡಂ."

"ಯಾರೋ ಹೇಳಿಕೊಟ್ಟಿರಬೇಕು. ಒಳ್ಳೆಯ ಗೆರೆ ಬರಲಿ ಎಂದು."

ಹುಡುಗಿಯ ಕಣ್ಣು ತುಂಬಿತು. ಪಕ್ಕದಲ್ಲಿ ಯಂತ್ರ ನೋಡಿಕೊಳ್ಳುವ ರತ್ನಾಕರ ಪುತ್ತೂರಿನವನು. ಅವನು ಕನ್ನಡದಲ್ಲಿ, "ಅಕ್ಕಾ, ನೀವು ನಿಮ್ಮ ನೆರಳಿನ ಹತ್ತಿರವೂ ಐಡಿ ಕಾರ್ಡ್ ಕೇಳುವವರು. ಪಾಪ, ಬಿಡಿ" ಎಂದನು.

"ನೀನು ಸುಮ್ಮನಿರು. ಯಂತ್ರದಲ್ಲಿ ದೋಷವಿಲ್ಲ. ಆಯುಧಪೂಜೆಗೆ ಮೊದಲು ಖಾಲಿ ತಟ್ಟೆ ಇಟ್ಟು ನೋಡಿದ್ದೇನೆ, ಗೆರೆ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಕೋಣೆಯ ಕೀಲಿಕೈ ನನ್ನ ಕೊರಳಲ್ಲೇ ಇದೆ. ಹಾಗಾದರೆ ಉಳಿದದ್ದು ಯಾರು?"

ಕೊಚ್ಚಿಯ ಮಾರ್ಗದರ್ಶಕರಾದ ಯಜ್ಞನಾರಾಯಣರಿಗೆ, ಪದರ ಶುದ್ಧವಲ್ಲ, ಹುಡುಗಿಯನ್ನು ನಂಬಬೇಡಿ ಎಂದು ಹೇಳಿಬಿಡಲು ಅವಳು ಫೋನ್ ಕೈಗೆತ್ತಿಕೊಂಡಳು. ಆ ಒಂದು ಮಾತಿಗೆ ಫಾತಿಮಾಳ ಓದು ಅಲ್ಲಿಗೇ ಮುಗಿಯುತ್ತಿತ್ತು.

ಫಾತಿಮಾ ಕಣ್ಣೊರೆಸಿಕೊಂಡು, "ಮೇಡಂ, ನನ್ನ ಪದರ ತೆಗೆದು ಈಗ ಖಾಲಿ ತಟ್ಟೆ ಅಳೆಯಿರಿ. ಆಮೇಲೆ ಫೋನ್ ಮಾಡಿ" ಎಂದಳು.

ತನ್ನ ಯಂತ್ರವನ್ನೇ ಸಂಶಯಿಸುತ್ತಾಳೆಯೇ ಎಂದು ದಾಕ್ಷಾಯಣಿಗೆ ಸಿಟ್ಟು ಬಂತು. ಹುಡುಗಿಯ ಬಾಯಿ ಮುಚ್ಚಿಸಲೆಂದೇ ಪದರವನ್ನು ತೆಗೆದು ಖಾಲಿ ತಟ್ಟೆಯನ್ನು ಒಳಗಿಟ್ಟಳು.

ಗೆರೆ ಏರಿತು. ಇಳಿಯಲಿಲ್ಲ.

ಅವಳು ಮೊದಲು ರತ್ನಾಕರನನ್ನು ನೋಡಿದಳು.

"ನನ್ನನ್ನೇಕೆ ನೋಡುತ್ತೀರಿ? ಕೀಲಿಕೈ ನಿಮ್ಮ ಕೊರಳಲ್ಲಿದೆಯಲ್ಲ!"

ತಟ್ಟೆಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಅಡಿಯ ಮೂಲೆಯಿಂದ ನಡುವಿನವರೆಗೆ ಹೊಗೆ ಆಡಿದಂತೆ ಒಂದು ಕಪ್ಪು ಮಾಸಲು. ಬೆರಳಿನಿಂದ ಉಜ್ಜಿ, ಅಭ್ಯಾಸದಂತೆ ಮೂಸಿದಳು. ಹರಳೆಣ್ಣೆ.

ಆಯುಧಪೂಜೆಯ ದಿನ ಎಲ್ಲರೂ ಯಂತ್ರಗಳಿಗೆ ಗಂಧ ಹಚ್ಚಿ ಹೋದ ಮೇಲೆ ಅವಳೊಬ್ಬಳೇ ಹಿಂದುಳಿದಿದ್ದಳು. ಯಾರ ಕಣ್ಣಿಗೂ ಬೀಳದಿರಲೆಂದು ತಟ್ಟೆಯ ಅಡಿಯ ಮೂಲೆಯಲ್ಲಿ ಸಾಸಿವೆಯಷ್ಟು ಬೊಟ್ಟಿಟ್ಟು ಬೀಗ ಹಾಕಿದ್ದಳು. ಎಣ್ಣೆ ಹರಿದು ಹರಡಿತ್ತು. ಬೆಳಕು ಬಿದ್ದಾಗಲೆಲ್ಲ ಆ ಮಸಿ ಕಾದು, ತಾನೂ ಅಲೆಗಳನ್ನು ನುಂಗುತ್ತ, ನಿಧಾನವಾಗಿ ಆರುತ್ತಿತ್ತು. ಇಳಿಯದ ಗೆರೆ ಕಣಗಳದ್ದಲ್ಲ, ಆರದ ಮಸಿಯದ್ದು.

ತಟ್ಟೆಯನ್ನು ಸುಮ್ಮನೆ ಒರೆಸಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಫೋನ್ ಮಾಡಿದಳು, ಫಾತಿಮಾ ಕೇಳುವಂತೆಯೇ.

"ಸರ್, ಮೊದಲ ಅಳತೆ ತಪ್ಪು. ದೋಷ ನಮ್ಮ ಕಡೆಯದು. ತಟ್ಟೆಗೆ ಕಾಡಿಗೆ ತಾಗಿತ್ತು."

"ಕಾಡಿಗೆಯೇ? ಲ್ಯಾಬಿಗೆ ಅದು ಹೇಗೆ ಬಂತು?"

"ದೃಷ್ಟಿಗೆಂದು ನಾನೇ ಇಟ್ಟದ್ದು ಸರ್."

"ಯಾರ ದೃಷ್ಟಿಗಮ್ಮ?"

"ಹೊರಗಿನಿಂದ ಅಳೆಸಲು ಬರುವವರದ್ದು" ಎಂದವಳು ಫಾತಿಮಾಳ ಮುಖ ನೋಡಲಾರದೆ ಗೋಡೆ ನೋಡಿದಳು.

ಫೋನ್ ಇಟ್ಟ ಮೇಲೆ ಫಾತಿಮಾ, 'ಮೇಡಂ' ಬಿಟ್ಟು ಅಕ್ಕನನ್ನು ಕರೆಯುವ 'ಚೇಚಿ'ಗೆ ಇಳಿದು, "ಹಾಗಾದರೆ ಬೊಟ್ಟು ಕೆಲಸ ಮಾಡಲಿಲ್ಲ ಚೇಚಿ. ನನ್ನ ಕಣ್ಣು ಬಿದ್ದೇ ಬಿಟ್ಟಿತು" ಎಂದಳು. ರತ್ನಾಕರ ನಗು ತಡೆಯಲಾರದೆ ಹೊರಗೆ ಹೋದನು.

ತಟ್ಟೆಯನ್ನು ತೊಳೆದು, ಒಣಗಿಸಿ, ಪದರವನ್ನು ಮತ್ತೆ ಇಟ್ಟರು. ಗೆರೆ ಈ ಸಲ ಸ್ವಲ್ಪವೇ ಏರಿ, ಮೆಲ್ಲಗೆ ಇಳಿಯಿತು. ದೊಡ್ಡ ಸುದ್ದಿಯೇನಲ್ಲ. ಆದರೆ ಕೊಚ್ಚಿಯಲ್ಲಿ ಫಾತಿಮಾ ಎಣಿಸಿದ್ದಷ್ಟೇ.

"ಇದನ್ನು ನಂಬಬಹುದೇ ಚೇಚಿ?"

"ಸರಿ ಇರಬಹುದು" ಎಂದು ದಾಕ್ಷಾಯಣಿ ಕೊರಳಿನ ಕೀಲಿಕೈ ಬಿಚ್ಚಿ ಅವಳ ಕೈಯಲ್ಲಿಟ್ಟಳು. "ನೀನೇ ಇನ್ನೊಮ್ಮೆ ಖಾಲಿ ತಟ್ಟೆ ಅಳೆ. ನಾನು ಹೊರಗಿರುತ್ತೇನೆ."

ಇಷ್ಟು ಹೇಳಿ ಅವಳು ನಮ್ಮ ಮನೆಯ ಚಹಾ ಮೂಸಿ ಒಂದು ಗುಟುಕು ಕುಡಿದಳು.

"ಹೊರಗೇ ಇದ್ದೆಯಾ?" ಎಂದು ಕೇಳಿದೆ.

"ಇದ್ದೆ ಮಾಷ್ಟ್ರೆ," ಎಂದಳು. "ಬಾಗಿಲಿಗೆ ಗಾಜಿದೆಯಲ್ಲ, ಅದರಿಂದ ನೋಡುತ್ತಿದ್ದೆ."