ಕಿಟಕಿಯಲ್ಲಿ ಎತ್ತಿದ ಅಂಗೈ

ರಬಕವಿಯ ನಮ್ಮ ಓಣಿಯಲ್ಲಿ ಮಾತಾಡಬೇಕೆಂದರೆ ಒಂದೋ ಕಿರುಚಬೇಕು, ಇಲ್ಲವೇ ಕರೆಂಟು ಹೋಗುವುದನ್ನು ಕಾಯಬೇಕು. ಎರಡೂ ಬದಿಯ ಮನೆಗಳಲ್ಲಿ ಕರೆಂಟಿನ ಮಗ್ಗಗಳು ಖಟಖಟ ಅನ್ನುತ್ತಲೇ ಇರುತ್ತವೆ. ನಾನು ಮಧುಮತಿ, ಸೀರೆಗೆ ಫಾಲ್ ಹಚ್ಚುವವಳು. ಹೊಲಿಗೆ ಮಷಿನ್ ಬಾಗಿಲಲ್ಲೇ ಇಟ್ಟುಕೊಂಡಿರುವುದರಿಂದ ಎದುರು ಮನೆಯ ಸೋಮಲಿಂಗನ ಸಂಸಾರ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಬೇಡವೆಂದು ನಾನು ಯಾವತ್ತೂ ಅಂದಿಲ್ಲ, ಅದು ಬೇರೆ ಮಾತು.

ಸೋಮಲಿಂಗ ಮೀಸೆ ಮೂಡುವ ಮೊದಲೇ ಮಗ್ಗಕ್ಕೆ ನಿಂತವನು. ಆ ಸದ್ದು ಅವನ ಕಿವಿಗಳನ್ನು ವರ್ಷವರ್ಷಕ್ಕೂ ಚೂರುಚೂರೇ ತಿಂದುಹಾಕಿತು. ಈಗ ಕಿವಿಯ ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳುತ್ತದೆ. ಹೆಂಡತಿ ದಾನಮ್ಮ ಚಿಮ್ಮಡದವಳು, ಅದೇ ಮಗ್ಗದ ಕೋಣೆಯ ಮೂಲೆಯಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆ ಗದ್ದಲದಲ್ಲಿ ಗಂಡ ಹೆಂಡಿರು ಕೈಯಿಂದಲೇ ಮಾತಾಡಿಕೊಳ್ಳುತ್ತಿದ್ದರು. ಬೆರಳು ಮಡಚಿ ತೋರಿಸಿದರೆ ಎಳೆ ಹರಿದಿದೆ. ಕೈ ಅಲ್ಲಾಡಿಸಿದರೆ ಮಗ್ಗ ತಪ್ಪುತ್ತಿದೆ, ನಿಲ್ಲಿಸು. ಅಂಗೈ ಎತ್ತಿ ಹಿಡಿದರೆ ಛಲೋ ನಡೆದಿದೆ, ನಡೆಯಲಿ.

"ಜಗಳಾನೂ ಕೈಲೇ ಮಾಡ್ತೀರೇನಬೇ?" ಅಂತ ನಾನು ಕಾಡುತ್ತಿದ್ದೆ.

"ಕೈಲೇ ಮಾಡಿದ್ರ ಹೊಡದಾಂಗ ಕಾಣ್ತೈತಿ ಅಕ್ಕಾ, ಅದಕ್ಕ ಬಿಟ್ಟೇವಿ" ಅಂತ ದಾನಮ್ಮ ನಗುತ್ತಿದ್ದಳು.

ಆ ನಗುವಿನ ದಾನಮ್ಮನಿಗೆ ಹೊಟ್ಟೆಯಲ್ಲಿ ಗಂಟಾಯಿತು. ಜಮಖಂಡಿಗೆ ಕರೆದೊಯ್ದು ತೋರಿಸಿದಾಗ ಡಾಕ್ಟರು, "ಮನೆಗೆ ಕರಕೊಂಡು ಹೋಗಿ, ಅವರಿಗೆ ಏನು ಬೇಕೋ ಅದನ್ನು ಮಾಡಿ" ಎಂದು ಕಳಿಸಿದರು. ಏನು ಬೇಕು ಅಂತ ಸೋಮಲಿಂಗ ಕೇಳಿದ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ನಾಗರ ಪಂಚಮಿಗೆ ನಿಮ್ಮ ಗಾಡಿಯ ಹಿಂದೆ ಕೂತು ತವರಿಗೆ ಹೋಗಬೇಕು ಅಂದಳು. ಪ್ರತಿ ಪಂಚಮಿಗೆ ಅಣ್ಣ ಬಂದು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಓರಗೆಯವರು ಗಂಡನ ಗಾಡಿಯಿಂದ ತವರಿನ ಬಾಗಿಲಲ್ಲಿ ಇಳಿಯುವುದನ್ನು ಆಕೆ ಜೋಕಾಲಿಯ ಹತ್ತಿರ ನಿಂತು ನೋಡಿಕೊಂಡೇ ಬಂದಿದ್ದಳು.

ಗಾಡಿ ಇತ್ತು. ಹಿಂದಿನ ವರ್ಷವಷ್ಟೇ ಸೋಮಲಿಂಗ ಯಾರೋ ಓಡಿಸಿ ಬಿಟ್ಟ ಮೋಟರ್ ಸೈಕಲ್ ತಂದು, ಬನಹಟ್ಟಿ ರಸ್ತೆಯಲ್ಲಿ ಎರಡು ಸಲ ಬಿದ್ದು ಕಲಿತಿದ್ದ. ಆದರೆ ಅದು ಬೇಸಿಗೆಯಿಂದ ಹಟ ಹಿಡಿದಿತ್ತು. ಓಡುವಾಗ ಓಡುತ್ತಿತ್ತು. ನಿಂತರೆ ಸಾಕು, ಮೈಯೆಲ್ಲ ನಡುಗಿಸಿ, ಕೆಮ್ಮಿ, ಆರಿಹೋಗುತ್ತಿತ್ತು. ಆಮೇಲೆ ಕಿಕ್ ಹೊಡೆಯಬೇಕೆಂದರೆ ಹಿಂದೆ ಕೂತವರು ಇಳಿಯಬೇಕು. ದಾನಮ್ಮನನ್ನು ಒಮ್ಮೆ ಹತ್ತಿಸುವುದೇ ಕಷ್ಟ. ದಾರಿಯಲ್ಲಿ ಇಳಿಸಿ ಮತ್ತೆ ಹತ್ತಿಸುವುದು ಆಗದ ಮಾತು.

"ಆಟೋ ತರಸಪ್ಪಾ" ಅಂದೆ. ಒಳಗೆ ದಾನಮ್ಮ ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ನೋಡಿ ಆ ಮಾತು ಮತ್ತೆ ಎತ್ತಲಿಲ್ಲ. "ಗ್ಯಾರೇಜಿಗರೆ ತೋರಸು" ಅಂದೆ. "ಮಗ್ಗ ಬಿಚ್ಚಿ ಕೂಡಸಾಂವ ನಾ, ಇದೇನ ಮಹಾ ಅಕ್ಕಾರ" ಅಂದ. ಇಂಥ ಗಂಡಸರಿಗೆ ಬುದ್ಧಿ ಹೇಳುವುದೂ ಒಂದೇ, ಗಾಳಿಗೆ ಗುದ್ದುವುದೂ ಒಂದೇ.

ನೇಕಾರನಿಗೆ ಗೊತ್ತಿರುವ ಮೊದಲ ಔಷಧ ಎಣ್ಣೆ. ಮಗ್ಗ ಜಗ್ಗಿದರೆ ಎಣ್ಣೆ, ಕಿರುಗುಟ್ಟಿದರೆ ಎಣ್ಣೆ. ಸೋಮಲಿಂಗ ಗಾಡಿಯಲ್ಲಿ ಕಂಡ ಸಂದಿಗೆಲ್ಲ ಮಗ್ಗದ ಎಣ್ಣೆ ಬಿಟ್ಟ. ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗೆ ಮಡಿಕೆ ಮಡಿಕೆಯ ಕಾಗದದಂಥದ್ದೊಂದು ಕಾಣಿಸಿತು. ಗಾಡಿ ಗಾಳಿಯನ್ನು ಸೋಸಿಕೊಳ್ಳುವುದು ಅದರಿಂದಲೇ ಅಂತ ಅವನಿಗೇನು ಗೊತ್ತು? "ಪಾಪ, ಒಣಗೇತಿ" ಅಂತ ಅದಕ್ಕೂ ಎಣ್ಣೆ ಕುಡಿಸಿದ. ಸಾಲದ್ದಕ್ಕೆ ಮಳೆ ತಾಗಬಾರದೆಂದು ಗಾಡಿಯನ್ನು ಮಗ್ಗದ ಕೋಣೆಯಲ್ಲೇ ನಿಲ್ಲಿಸಿದ. ನೂಲಿನ ಧೂಳು ಹಗಲೆಲ್ಲ ಹಾರುವ ಕೋಣೆ ಅದು.

ರೋಗ ಹೆಚ್ಚಾಯಿತು. ಗಾಡಿಯದೂ, ದಾನಮ್ಮನದೂ. ಹೋಗಿ ಬರುವವರು ಒಬ್ಬೊಬ್ಬರು ಒಂದೊಂದು ಹೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮ ಸೋಮಲಿಂಗ, ಎಲ್ಲರ ಮಾತನ್ನೂ ಮಾಡಿ ನೋಡಿದ. ಪೆಟ್ರೋಲು ಬಸಿದು ಹೊಸದು ಹಾಕಿದ. ಪ್ಲಗ್ ಬಿಚ್ಚಿದರೆ ಅದು ಕುಳ್ಳಿನ ಒಲೆಯ ಗೋಡೆಯಂತೆ ಕರ್ರಗಾಗಿತ್ತು. ತಿಕ್ಕಿ ಹಾಕಿದ ದಿನ ಗಾಡಿ ನಿಂತಲ್ಲೂ ಆರಲಿಲ್ಲ, ಮರುದಿನ ಮತ್ತೆ ಅದೇ ಕೆಮ್ಮು. ಕೊನೆಗೆ ಯಾರೋ ಕಾರ್ಬ್ಯುರೇಟರಿನ ಸ್ಕ್ರೂ ತೋರಿಸಿ, ಸದ್ದು ಕೇಳುತ್ತ ತಿರುಗಿಸು, ಎಲ್ಲಿ ಸದ್ದು ಸಮ ಆಗುತ್ತದೋ ಅಲ್ಲಿ ಬಿಡು ಅಂದರು. ಸದ್ದು ಕೇಳು ಅಂತ ಹೇಳಿದ್ದು ಯಾರಿಗೆ ನೋಡಿ!

ಅವನು ಗಾಡಿಯನ್ನು ತಂದು ದಾನಮ್ಮನ ಕಿಟಕಿಯ ಕೆಳಗೆ ನಿಲ್ಲಿಸಿದ. ಅಂದಿನಿಂದ ಕರೆಂಟು ಹೋಗಿ ಓಣಿಯ ಮಗ್ಗಗಳು ನಿಂತಾಗಲೆಲ್ಲ ಇದೇ ಕೆಲಸ. ಅವನು ಸ್ಕ್ರೂ ತಿರುಗಿಸಿ ಕಿಟಕಿಯ ಕಡೆ ನೋಡುವನು. ದಾನಮ್ಮ ಹಾಸಿಗೆಯ ಮೇಲೆ ಒರಗಿ ಕಣ್ಣು ಮುಚ್ಚಿ ಕೇಳುವಳು. ಆಮೇಲೆ ಸರಳಿನ ಹಿಂದೆ ಅವಳ ಕೈ ಮೇಲೆದ್ದು ಅಲ್ಲಾಡುವುದು: ತಪ್ಪುತ್ತಿದೆ. ಇವನು ಮತ್ತೆ ಚೂರು ತಿರುಗಿಸುವನು. ಮತ್ತೆ ಕೈ ಅಲ್ಲಾಡುವುದು. ದಿನದಿಂದ ದಿನಕ್ಕೆ ಆ ಕೈ ತೆಳ್ಳಗಾಗುತ್ತ ಹೋಯಿತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅವರಿಬ್ಬರನ್ನೂ ನೋಡುತ್ತ ನನಗೆ ಎಷ್ಟೋ ಸಲ ದಾರ ಪೋಣಿಸಲು ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

ಪಂಚಮಿ ಬಂತು. ಹಬ್ಬಕ್ಕೆ ಮಗ್ಗ ಬಂದ್, ಓಣಿ ಗಪ್ಪಾಗಿತ್ತು. ಸೋಮಲಿಂಗ ಕಿಕ್ ಹೊಡೆದು, ಸ್ಕ್ರೂ ತಿರುಗಿಸಿ ಕಿಟಕಿ ನೋಡಿದ. ಗಾಡಿ ಕೆಮ್ಮುತ್ತಿತ್ತು. ಬಾಗಿಲಲ್ಲಿದ್ದ ನನಗೆ ಕೇಳಿಸಿತು, ಉಂಡಿ ಕಟ್ಟುತ್ತಿದ್ದ ಮನೆಮನೆಗೂ ಕೇಳಿಸಿತು. ಅವನೊಬ್ಬನಿಗೆ ಕೇಳಿಸಲಿಲ್ಲ.

ದಾನಮ್ಮ ಅಂಗೈ ಎತ್ತಿ ಹಿಡಿದಳು. ಛಲೋ ನಡೆದಿದೆ.

ನಾನು ಬಾಯಿ ತೆರೆದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಮುಂದಿನ ಪಂಚಮಿ ತನಗಿಲ್ಲ ಅಂತ ಆಕೆಗೆ ಗೊತ್ತಿತ್ತು. ನಾನು ಬಾಯಿ ಮುಚ್ಚಿದೆ.

ನಾನೂ ಅವನೂ ಸೇರಿ ಆಕೆಯನ್ನು ಹತ್ತಿಸಿದೆವು. ಹಸಿರು ಸೀರೆ, ತಲೆಯ ಮೇಲೆ ಸೆರಗು. ಆಕೆ ಗಂಡನ ಕಿವಿಯ ಹತ್ತಿರ ಬಾಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು:

"ಎಲ್ಲೂ ನಿಂದರಸಬ್ಯಾಡ್ರಿ!"

"ನೋಡ್ರಿ ಅಕ್ಕಾರ, ತವರಿಗೆ ಹೋಗಾಕ ಎಷ್ಟ ಅವಸರ" ಅಂತ ಅವನು ನಕ್ಕ.

ಅವನು ಎಲ್ಲೂ ನಿಲ್ಲಿಸಲಿಲ್ಲ. ಬನಹಟ್ಟಿಯ ಗದ್ದಲದಲ್ಲಿ ಹಾರ್ನ್ ಒತ್ತಿಕೊಂಡೇ ನುಗ್ಗಿದನಂತೆ. ಚಿಮ್ಮಡದಲ್ಲಿ ಅಣ್ಣನ ಮನೆಯ ಮುಂದೆ ನಿಂತಾಗ ಗಾಡಿ ಆರಿತು, ತಾನೇ ಬಂದ್ ಮಾಡಿದೆ ಅಂದುಕೊಂಡ. ಓಣಿಯ ಹೆಂಗಸರೆಲ್ಲ ನೋಡುವಂತೆ ದಾನಮ್ಮ ಗಂಡನ ಗಾಡಿಯಿಂದ ಇಳಿದಳು. ಎರಡು ದಿನ ಜೋಕಾಲಿ ನೋಡುತ್ತ ಕೂತು, ಅಣ್ಣ ಬಾಡಿಗೆಗೆ ತಂದ ಕಾರಿನಲ್ಲಿ ಮಲಗಿಕೊಂಡು ತಿರುಗಿ ಬಂದಳು. ಗಣಪತಿ ಕೂರುವ ಮೊದಲೇ ಹೋಗಿಬಿಟ್ಟಳು.

ಮಾತಾಡಿಸಲು ಬಂದವರಿಗೆಲ್ಲ ಸೋಮಲಿಂಗ ಒಂದೇ ಮಾತು ಹೇಳುತ್ತಿದ್ದ. "ಗಾಡಿ ಸರಿ ಮಾಡಿದ್ನಿರಿ. ಆಕಿ ಕೈ ಎತ್ತಿ ಹೇಳಿದ್ಲು. ದಾರ್‍ಯಾಗ ಒಮ್ಮೆನೂ ಆರಲಿಲ್ಲ." ಎಲ್ಲರೂ ಹೂಂ ಅಂದರು. ಓಣಿಯಲ್ಲಿ ಒಂದು ಗುಟ್ಟು ಸಂಜೆವರೆಗೆ ಉಳಿಯುವುದಿಲ್ಲ. ಆದರೆ ಈ ಗುಟ್ಟನ್ನು ಎಲ್ಲರೂ ಹೊಟ್ಟೆಯಲ್ಲಿಟ್ಟುಕೊಂಡರು.

ದೀಪಾವಳಿಗೆ ಸೋಮಲಿಂಗ ಮುಧೋಳಕ್ಕೆ ಕೊಟ್ಟ ಮಗಳನ್ನು ಕರೆಯಲು ಹೊರಟಾಗ ಗಾಡಿ ಚಾಲೂ ಆಗಲೇ ಇಲ್ಲ. ಗ್ಯಾರೇಜಿನ ಪರಸಪ್ಪನನ್ನು ನಾನೇ ಕರೆಸಿದೆ. ಅವನು ಕಿಟಕಿಯ ಕೆಳಗೆ ಕೂತು ಪಕ್ಕದ ಮುಚ್ಚಳ ಬಿಚ್ಚಿದ. ಎಣ್ಣೆಗೆ ಅಂಟಿ ಗಟ್ಟಿಯಾದ ನೂಲಿನ ಧೂಳಿನ ಮುದ್ದೆ ಹೊರಗೆ ಬಂತು. ಕೆಂಪು, ಹಸಿರು, ಹಳದಿ. ಅವರು ನೇಯ್ದ ಸೀರೆಗಳ ಬಣ್ಣವೆಲ್ಲ ಅದರಲ್ಲಿತ್ತು.

"ಕಾಕಾ, ಇದು ಎಷ್ಟೋ ತಿಂಗಳದ್ದೈತಿ" ಅಂತ ಪರಸಪ್ಪ ಕಿವಿಯಲ್ಲಿ ಕೂಗಿದ. "ಗಾಳೀನ ಇಲ್ಲ ಇದಕ್ಕ. ನಿಂತಲ್ಲಿ ಹೆಂಗ ಸರಿ ನಡದೀತು?"

"ಪಂಚಮಿ ದಿನ ಛಲೋ ಇತ್ತಲೇ. ಆಕಿ ಕೈ ಎತ್ತಿದ್ಲು" ಅಂದ ಸೋಮಲಿಂಗ. ನನ್ನ ಕಡೆ ತಿರುಗಿದ. "ಹೌದಿಲ್ರಿ ಅಕ್ಕಾರ?"

ಹೌದು ಅಂತ ಗೋಣು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಎಷ್ಟೋ ಸುಳ್ಳು ಹೇಳಿದವಳು ನಾನು, ಅದೊಂದು ಆಗಲಿಲ್ಲ. ತಲೆ ತಗ್ಗಿಸಿ ಹೊಲಿಗೆಗೆ ಕೈ ಹಾಕಿದೆ.

ಸೋಮಲಿಂಗ ಆ ಬಣ್ಣದ ಮುದ್ದೆಯನ್ನು ಕೈಗೆ ತೆಗೆದುಕೊಂಡ. ಆಮೇಲೆ, "ಎಲ್ಲೂ ನಿಂದರಸಬ್ಯಾಡ್ರಿ ಅಂದ್ಲು" ಅಂತ ತನಗೆ ತಾನೇ ಹೇಳಿಕೊಂಡ.

ಪರಸಪ್ಪ ಹೊಸ ಫಿಲ್ಟರ್ ಕೂಡಿಸಿ, ಪ್ಲಗ್ ಒರೆಸಿ ಕಿಕ್ ಹೊಡೆದ. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ಗಾಡಿ ಒಂದೂ ತಪ್ಪದೆ, ಒಂದೇ ಸಮ ನಡೆಯಿತು. ಸೋಮಲಿಂಗ ರೂಢಿಯಂತೆ ಬಗ್ಗಿ ಸ್ಕ್ರೂ ಮುಟ್ಟಿದ. ತಲೆ ಎತ್ತಿ ಕಿಟಕಿಯ ಕಡೆ ನೋಡಿದ.

"ಆತೇನಬೇ?" ಅಂತ ಓಣಿಗೆಲ್ಲ ಕೇಳುವಂತೆ ಕೂಗಿದ.