ಸೋದರಮಾವನ ತೊಡೆ

ನನ್ನ ಮಗಳ ಮುಡಿಯನ್ನು ನಂಜನಗೂಡಿನಲ್ಲಿ ಕೊಡುವುದಾಗಿ ಹರಕೆ ಹೊತ್ತವಳು ನನ್ನ ಅವ್ವ. ವಿರೋಧಿಸಿದವನು ನಾನೊಬ್ಬನೇ. ಮೈಸೂರಿಗೆ ಓದಲು ಬಂದು ನನ್ನನ್ನು ಕಟ್ಟಿಕೊಂಡ ಕೀನ್ಯಾದ ಹೆಂಡತಿಯಾದರೂ ನನ್ನ ಪರ ನಿಲ್ಲುತ್ತಾಳೆಂದುಕೊಂಡಿದ್ದೆ. "ನಮ್ಮೂರಲ್ಲೂ ಮಕ್ಳ ತಲೆ ಬೋಳುಸ್ತಾರೆ. ನೀನು ಯೂನಿವರ್ಸಿಟಿಗೋಗಿ ಕೆಟ್ಟೆ ಕಣೋ," ಎಂದಳು. ಅವಳ ಕನ್ನಡ ಅವ್ವನಿಂದ ಕಲಿತದ್ದು.

ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಹೆಂಡತಿಯ ಅಣ್ಣ ನೈರೋಬಿಯಿಂದ ಬಂದಿದ್ದ. ಅವ್ವ ಅವನಿಗೆ ಹೊಸ ಪಂಚೆ ಉಡಿಸಿ, ಜಾರದಿರಲೆಂದು ಮೇಲೊಂದು ಬೆಲ್ಟನ್ನೂ ಬಿಗಿದಿದ್ದಳು.

ಕಪಿಲಾ ದಡದಲ್ಲಿ ನಮ್ಮನ್ನು ಬಿಟ್ಟು ಹೆಂಗಸರಿಬ್ಬರೂ ಹಣ್ಣುಕಾಯಿ ತರಲು ಹೋದರು. ಕ್ಷೌರಿಕ ಕತ್ತಿ ತೊಳೆದು ತಲೆಯೆತ್ತಿ ನೋಡಿದ. ಗುಂಗುರು ಕೂದಲಿನ ಮಗು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ, ಅದೇ ಬಣ್ಣದ, ಅದೇ ಮೂಗಿನ, ಎತ್ತರದ ಆಸಾಮಿ. ಪಕ್ಕದಲ್ಲಿ ಬೋಳುತಲೆಯ ನಾನು. ಅವನಿಗೆ ಎಲ್ಲ ಅರ್ಥವಾಗಿಹೋಯಿತು.

"ಅಪ್ಪ ಕೂರಂಗಿಲ್ಲ ಸಾ, ಅತ್ಲಾಗ್ ನಿಂತ್ಕೊಳಿ," ಎಂದು ಭಾವನನ್ನು ಎಬ್ಬಿಸಿದ. ಕನ್ನಡ ಬಾರದ ಭಾವ ನಗುತ್ತ ಎದ್ದ. "ಮಾವ, ನೀವ್ ಬನ್ನಿ. ಬಿಗಿಯಾಗ್ ಇಡ್ಕೊಳಿ."

ಬಸ್ಸಿನಲ್ಲಿ, ಸಂತೆಯಲ್ಲಿ, "ಮಗು ಯಾರ್ದು ಸಾ?" ಎಂದವರಿಗೆಲ್ಲ "ನಂದೇ" ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಈಗಲೂ ಹೇಳಬಹುದಿತ್ತು. ಆದರೆ ಅಪ್ಪನೆಂದರೆ ಮಗುವನ್ನು ಬಿಟ್ಟು ಏಳಬೇಕು. ಮಾವನಾದರೆ ಹಿಡಿದುಕೊಂಡು ಕೂರಬಹುದು. ಕತ್ತಿ ಕಂಡ ಮಗಳು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ನನ್ನ ನೆನಪಿನ ಪ್ರಕಾರ ನಾನು ಎದ್ದು ನಿಂತು, "ಇವಳು ನನ್ನ ಮಗಳು," ಎಂದು ಗಟ್ಟಿಯಾಗಿ ಹೇಳಿದೆ.

ಹೆಂಡತಿಯ ಪ್ರಕಾರ, ಅವಳು ಹಿಂತಿರುಗಿದಾಗ ನಾನು ಅರ್ಧ ಬೋಳಾದ ಮಗುವನ್ನು ತಬ್ಬಿಕೊಂಡು ಅಳುತ್ತಿದ್ದೆ. ಮಗು ಆರಾಮವಾಗಿತ್ತು. ಭಾವ ಕಡ್ಲೆಪುರಿ ತಿನ್ನುತ್ತಿದ್ದ. "ಮಾವನೇ ಇಂಗ್ ಅತ್ರೆ ಅಪ್ಪನ್ ಗತಿ ಏನು ಸಾ?" ಎಂದು ಕ್ಷೌರಿಕ ಕೇಳುತ್ತಿದ್ದ. ಇದೇ ನಿಜವಿರಬೇಕು. ಅಂದು ನನ್ನ ಅಂಗಿಯ ತುಂಬ ಗುಂಗುರು ಕೂದಲಿತ್ತು, ಕೊಡವಿದವಳು ಅವಳೇ.

ಅವ್ವ ನನ್ನ ತೋಳು ಹಿಡಿದೆಳೆದಳು. "ಏಳ್ಲಾ ಮ್ಯಾಕೆ. ಮಗೀನ್ ಅಪ್ಪ ಎಲ್ಲಾದ್ರೂ ಕೂರ್ತಾನಾ?"

ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ಹಿಡಿದು ಹೆಂಡತಿಯನ್ನು ನೋಡಿದ, ಭಾವನನ್ನು ನೋಡಿದ, ನನ್ನನ್ನು ನೋಡಿದ. "ಮೊದ್ಲೇ ಯೋಳ್ಬಾರ್ದಾ ಸಾ," ಎಂದ. ಉಳಿದರ್ಧ ಮುಡಿ ಭಾವನ ತೊಡೆಯ ಮೇಲೆ ಇಳಿಯಿತು. ಅರ್ಧಕ್ಕೆ ಮಾವ ಬದಲಾದ ಹರಕೆ ದೇವರಿಗೆ ಸಂದಿತೋ ಇಲ್ಲವೋ ಎಂದು ಅವ್ವ ಇಂದಿಗೂ ಯೋಚಿಸುತ್ತಾಳೆ.

ವಾಪಸು ತಿ. ನರಸೀಪುರದ ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲಿದ್ದಳು, ತಲೆತುಂಬ ಗಂಧ. ಎದುರಿಗೆ ಸೋಸಲೆಗೆ ಹೊರಟಿದ್ದ ಹೆಂಗಸೊಬ್ಬಳು ಕೂತಿದ್ದಳು. ಆ ಬೋಳುತಲೆಯನ್ನು ನೋಡಿ, ನನ್ನ ಬೋಳುತಲೆಯನ್ನು ನೋಡಿ, "ಅಪ್ಪನ್ ಪಡಿಯಚ್ಚು ಕಣವ್ವ," ಎಂದಳು.

ಹಾಗೆಂದಳೆಂದೇ ನನ್ನ ನೆನಪು. ಹೆಂಡತಿ, ಅವ್ವ, ಭಾವ ಎಲ್ಲರೂ ನಿದ್ದೆ ಹೋಗಿದ್ದರು. ಇದೊಂದಕ್ಕೆ ಮಾತ್ರ ಇನ್ನೊಂದು ಸಾಕ್ಷಿ ಹುಡುಕುವ ಗೋಜಿಗೆ ನಾನು ಹೋಗಿಲ್ಲ.