ಗ್ವಾಡಿಗೆ ಮಾರಿ ಮಾಡ್ರಿ

ಬಾಗಲಕೋಟೆಯ ಆ ದವಾಖಾನೆಯಲ್ಲಿ ರೋಗಿಗಳ ಗುಟ್ಟಿಗೆಲ್ಲ ಕಂಪ್ಯೂಟರ್ ನೋಡಿಕೊಳ್ಳುವ ನೀಲಾಂಬಿಕಾ ಮೇಡಂ ಒಬ್ಬರೇ ಕಾವಲು. ಕಂಪ್ಯೂಟರಿನೊಳಗೊಂದು ಕಂಪ್ಯೂಟರಿನಂತಿದ್ದ ವರ್ಚುವಲ್ ಮಷೀನು ಮತ್ತೆ ಚಾಲೂ ಆದಾಗಲೆಲ್ಲ ರೋಗಿಗಳ ದಾಖಲೆಗಳಿಗೆ ಬೀಗ ಜಡಿದಿಟ್ಟ ಎನ್‌ಕ್ರಿಪ್ಟೆಡ್ ಡಿಸ್ಕು ಪಾಸ್‌ವರ್ಡ್ ಕೇಳಿ ಹಟ ಹಿಡಿಯುತ್ತಿತ್ತು; ಆಗ ಮೇಡಂ ಸೆರಗು ಸಿಕ್ಕಿಸಿ, “ಎಲ್ಲಾರೂ ಗ್ವಾಡಿಗೆ ಮಾರಿ ಮಾಡ್ರಿ!” ಎಂದು ಕೋಣೆಯಲ್ಲಿದ್ದವರ ಮುಖವನ್ನೆಲ್ಲ ಗೋಡೆಯತ್ತ ತಿರುಗಿಸುತ್ತಿದ್ದರು. ದೊಡ್ಡ ಡಾಕ್ಟರು ಗೊಣಗಿದರೆ, “ಜಡ್ಡು ಮಂದೀದು, ಗುಟ್ಟೂ ಮಂದೀದ ಸಾಹೇಬ್ರ, ತಿರಗ್ರಿ ಆ ಕಡೆ” ಎಂದು ಅವರನ್ನೂ ತಿರುಗಿಸುತ್ತಿದ್ದರು. ಕಟ್ಟಿಕೊಂಡ ಗಂಡನಿಗೂ ಆ ಪಾಸ್‌ವರ್ಡ್ ಗೊತ್ತಿಲ್ಲವೆಂದು ಎದೆಯುಬ್ಬಿಸಿ ಹೇಳುತ್ತಿದ್ದರು. ತಮ್ಮದೇ ಪಿತ್ತಕೋಶದ ಆಪರೇಷನ್ ಮುಗಿದು ಕಣ್ಣು ಬಿಟ್ಟ ಕೂಡಲೇ ಅವರು ನರ್ಸನ್ನು ಕೇಳಿದ್ದು, “ಮಂಪರಿನ್ಯಾಗ ನಾ ಏನರ ಬಡಬಡಿಸಿದ್ನೇನವ್ವಾ?” ಎಂದು. ನಿವೃತ್ತಿಯ ದಿನ, ತಮ್ಮ ಜಾಗಕ್ಕೆ ಬಂದ ಅಂಜನಾಳನ್ನು ಕುರ್ಚಿಯಲ್ಲಿ ಕೂರಿಸಿ, “ಮೊದಲ ನಿಂದೊಂದು ಹೊಸಾ ಪಾಸ್‌ವರ್ಡ್ ಹಾಕವ್ವಾ, ಆಮ್ಯಾಲೆ ನಂದು ಅಳಸೂಣು” ಎಂದರು. ಅವಳ ಬೆರಳು ಕೀಲಿಮಣೆ ಮುಟ್ಟುವ ಮೊದಲೇ, ಯಾರೂ ಹೇಳದೆ, ಮೇಡಂ ತಲೆಯೆತ್ತಿ ಗೋಡೆಗೆ ಮುಖ ಮಾಡಿ ನಿಂತರು.